ಅಂಗಡಿಯ ಮೇಲ್ ಗಿರಾಕಿಯ ಇನ್‌ಬಾಕ್ಸ್ ಸೇರಬೇಕಾದರೆ

ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದೆ ಎಂದು ಫೋನ್ ಮಾಡುವವರು ಸಾಮಾನ್ಯವಾಗಿ ಮದ್ದನ್ನೂ ತಾವೇ ಹೇಳಿಬಿಡುತ್ತಾರೆ. ‘ಸಬ್ಜೆಕ್ಟ್‌ನಲ್ಲಿ ಆಫರ್ ಅಂತ ಹಾಕಿದ್ವಿ ಮೇಡಂ, ಅದಕ್ಕೇ ಇರ್ಬೇಕು. ತೆಗೆದ್ಬಿಡ್ಲಾ?’ ತೆಗೆದರೂ ಅಷ್ಟೆ, ಬಿಟ್ಟರೂ ಅಷ್ಟೆ. ‘ಫ್ರೀ’, ‘ಡಿಸ್ಕೌಂಟ್’ ಅಂತ ಬರೆದರೆ ಸಾಕು, ಮೇಲ್ ಹಾಳಾಯಿತು ಅನ್ನುವುದು ಬಹಳ ಹಳೆಯ ಮಾತು. ಈಗ ಜಿಮೇಲ್ ಆಗಲಿ ಔಟ್‌ಲುಕ್ ಆಗಲಿ ಮೊದಲು ವಿಚಾರಿಸುವುದು ಬೇರೆಯದನ್ನೇ: ಕಳಿಸಿದವರು ಯಾರು, ಅವರು ಹೇಳಿಕೊಳ್ಳುವ ಹೆಸರು ನಿಜವೇ, ಹಿಂದೆ ಇವರಿಂದ ಬಂದ ಮೇಲ್‌ಗಳನ್ನು ಜನ ತೆರೆದರೇ, ಎಸೆದರೇ, ಬೈದರೇ.

ನಾನು ಸರಸ್ವತೀಪುರಂನಲ್ಲಿ ಕೂತು ಮೈಸೂರು, ಮಂಡ್ಯ ಕಡೆಯ ಸಣ್ಣ ವ್ಯಾಪಾರಸ್ಥರ ವೆಬ್‌ಸೈಟು, ಮೇಲು ನೋಡಿಕೊಳ್ಳುವವಳು. ಊದುಬತ್ತಿ ರಫ್ತು ಮಾಡುವವರು, ಒಂದು ರೇಷ್ಮೆ ಸೀರೆ ಅಂಗಡಿ, ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ರೂಮು ಕೊಡುವ ಹೋಂಸ್ಟೇ, ಮಂಡ್ಯದ ಸಾವಯವ ಬೆಲ್ಲದವರು, ಇವರೆಲ್ಲ ನನ್ನ ಪಾರ್ಟಿಗಳು. ಸರಕು ಬೇರೆ ಬೇರೆಯಾದರೂ ಮೇಲ್ ಕೆಡುವುದು ಎರಡೇ ಕಡೆ. ಒಂದು, ಡೊಮೈನ್‌ನ (ಇಂಟರ್‌ನೆಟ್ಟಿನಲ್ಲಿ ಅಂಗಡಿಗಿರುವ ಹೆಸರು) ರೆಕಾರ್ಡುಗಳು, ಅಂದರೆ ಆ ಹೆಸರಿನ ಬಗ್ಗೆ ಬರೆದಿಡುವ ಸಾಲುಗಳು. ಇನ್ನೊಂದು, ವಿಳಾಸಗಳ ಪಟ್ಟಿ. ರೆಕಾರ್ಡು ಒಂದು ಮಧ್ಯಾಹ್ನದ ಕೆಲಸ. ಪಟ್ಟಿ ವ್ಯಾಪಾರ ಇರುವವರೆಗೂ ಇರುವ ಕೆಲಸ, ಎಲ್ಲರೂ ತಪ್ಪಿಸಿಕೊಳ್ಳುವುದೂ ಅದರಿಂದಲೇ.

ಎಲ್ಲಿಗೆ ಹೋಗಿದೆ, ಮೊದಲು ನೋಡಿ

‘ನಿಮ್ಮ ಮೇಲ್ ಸಿಕ್ಕಿಲ್ಲ’ ಎಂದು ಗಿರಾಕಿ ಹೇಳಿದ ಕೂಡಲೇ ಸ್ಪ್ಯಾಮ್ ಎಂದು ತೀರ್ಮಾನಿಸಬೇಡಿ. ಪ್ರಮೋಷನ್ಸ್ ಟ್ಯಾಬಿನಲ್ಲಿ ಇರಬಹುದು. ಜಿಮೇಲ್ 2013ರಲ್ಲಿ ಇನ್‌ಬಾಕ್ಸನ್ನು ಟ್ಯಾಬುಗಳಾಗಿ ಒಡೆಯಿತು, ಪ್ರಮೋಷನ್ಸ್ ಕೂಡ ಇನ್‌ಬಾಕ್ಸೇ. ಸೀರೆ ಕೊಳ್ಳುವ ಮನಸ್ಸಿದ್ದವರು ಅಲ್ಲಿಗೇ ಹೋಗಿ ನೋಡುತ್ತಾರೆ. ಅಲ್ಲಿಂದ ಮೊದಲನೇ ಟ್ಯಾಬಿಗೆ ಜಿಗಿಸುವ ಉಪಾಯಗಳನ್ನು ಮಾರುವವರಿದ್ದಾರೆ, ಅವರಿಗೆ ದುಡ್ಡು ಕೊಡುವ ಅಗತ್ಯ ನನಗಂತೂ ಕಂಡಿಲ್ಲ.

ಇಲ್ಲವೇ ಮೇಲ್ ಬೌನ್ಸ್ ಆಗಿರಬಹುದು. ವಾಪಸ್ ಬಂದ ಇಂಗ್ಲಿಷ್ ಗೋಜಲನ್ನು ನೋಡಿ ಡಿಲೀಟ್ ಮಾಡುವವರೇ ಜಾಸ್ತಿ. ಅದರಲ್ಲಿ ಒಂದು ಅಂಕಿ ಇರುತ್ತದೆ, ಅದನ್ನು ಮಾತ್ರ ಓದಿ. 5ರಿಂದ ಶುರುವಾದರೆ ಖಾಯಂ ನಿರಾಕರಣೆ. 550ರ ಜೊತೆ 5.1.1 ಇದ್ದರೆ ಅಂಥ ವಿಳಾಸವೇ ಇಲ್ಲ, ಪಟ್ಟಿಯಿಂದ ಆ ದಿನವೇ ತೆಗೆಯಿರಿ. 4ರಿಂದ ಶುರುವಾದರೆ ‘ಈಗ ಬೇಡ, ಆಮೇಲೆ ಬಾ’ ಎಂದರ್ಥ. ಒಂದೇ ಸಲ ರಾಶಿ ಕಳಿಸಿದಾಗ 421 ಬರುವುದು ಹೀಗೆ.

ಪರೀಕ್ಷೆಗೆ ಅಂಗಡಿಯ ಹುಡುಗರ ಜಿಮೇಲ್ ಸಾಲದು. ಅವರು ನಿಮ್ಮ ಮೇಲ್‌ಗಳನ್ನು ದಿನಾ ತೆರೆಯುತ್ತಾರೆ, ಉತ್ತರಿಸುತ್ತಾರೆ. ಪ್ರತಿಯೊಂದು ಇನ್‌ಬಾಕ್ಸೂ ತನ್ನ ಯಜಮಾನನ ಅಭ್ಯಾಸ ನೋಡಿ ಕಲಿಯುತ್ತದೆ, ಆದ್ದರಿಂದ ಅವರ ಪಾಲಿಗೆ ನೀವು ಯಾವಾಗಲೂ ಒಳ್ಳೆಯವರೇ. ಜಿಮೇಲ್, ಔಟ್‌ಲುಕ್, ಯಾಹೂ ಮೂರರಲ್ಲೂ ಒಂದೊಂದು ಹೊಸ ಖಾತೆ ಮಾಡಿ. ಜೊತೆಗೆ ಸಲುಗೆಯ ಒಬ್ಬಿಬ್ಬರು ಗಿರಾಕಿಗಳಿಗೆ ‘ಸ್ವಲ್ಪ ನೋಡಿ ಹೇಳಿ ಸಾರ್’ ಅನ್ನಿ.

ಒಂದು ಮೇಲ್‌ನ ಹೊಟ್ಟೆ ಬಗೆದು ನೋಡುವುದು

ಜಿಮೇಲ್‌ನಲ್ಲಿ ನಿಮ್ಮ ಮೇಲ್ ತೆರೆದು ಬಲಗಡೆ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಅನ್ನಿ. ಕಂಪ್ಯೂಟರಿನಲ್ಲಿ ಮಾಡಿ, ಮೊಬೈಲ್ ಆ್ಯಪ್‌ನಲ್ಲಿ ಅದು ಸಿಗುವುದಿಲ್ಲ. ಮೇಲುಗಡೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲು. ಮೂರರ ಮುಂದೆಯೂ ಪಾಸ್ ಎಂದಿರಬೇಕು.

ಊದುಬತ್ತಿಯವರದನ್ನೇ ಹೇಳುತ್ತೇನೆ. ಅವರಿಗೆ ಜರ್ಮನಿ, ಬ್ರೆಜಿಲ್ ಕಡೆಯ ಡೀಲರುಗಳು. ಹೊಸ ಪರಿಮಳಗಳ ಪಟ್ಟಿ ಕಳಿಸಿದರೆ ಎಷ್ಟೋ ಡೀಲರುಗಳಿಂದ ಸದ್ದೇ ಇಲ್ಲ. ಶೋ ಒರಿಜಿನಲ್ ನೋಡಿದರೆ ಎಸ್‌ಪಿಎಫ್ ಎದುರು ‘ಪರ್ಮ್‌ಎರರ್’ ಎಂದಿತ್ತು, ಅಂದರೆ ಬರೆದ ಸಾಲೇ ತಪ್ಪಾಗಿದೆ. ಎಸ್‌ಪಿಎಫ್ ಅಂದರೆ ‘ನಮ್ಮ ಹೆಸರಲ್ಲಿ ಮೇಲ್ ಕಳಿಸಲು ಈ ಸರ್ವರ್‌ಗಳಿಗೆ ಮಾತ್ರ ಅಪ್ಪಣೆ’ ಎಂದು ಡೊಮೈನ್‌ನ ಡಿಎನ್‌ಎಸ್‌ನಲ್ಲಿ (ಎಲ್ಲರೂ ನೋಡಬಹುದಾದ ಅದರ ದಾಖಲೆ ಪುಸ್ತಕ) ಬರೆದಿಡುವ ಒಂದು ಸಾಲು. ನಿಯಮದ ಪ್ರಕಾರ ಡೊಮೈನಿಗೆ ಅದು ಒಂದೇ ಇರಬೇಕು. ಇವರಲ್ಲಿ ಎರಡು ಇದ್ದವು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಹೋಸ್ಟಿಂಗ್‌ಗಾಗಿ ಒಂದು ಹಾಕಿ ಹೋಗಿದ್ದ. ಆಮೇಲೆ ಗೂಗಲ್ ವರ್ಕ್‌ಸ್ಪೇಸ್ ತೆಗೆದುಕೊಂಡಾಗ, ಅದರ ಸೂಚನೆಯಲ್ಲಿದ್ದಂತೆ ಆಫೀಸಿನವರು ಇನ್ನೊಂದು ಸೇರಿಸಿದ್ದರು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಎರಡರ ಒಳಗಿನ ‘ಇನ್‌ಕ್ಲೂಡ್’ಗಳನ್ನೂ (ಯಾವ ಸರ್ವಿಸ್‌ಗೆ ಅಪ್ಪಣೆ ಎಂದು ಹೇಳುವ ತುಂಡುಗಳು) ಒಂದೇ ಸಾಲಿಗೆ ತಂದು ಇನ್ನೊಂದನ್ನು ಅಳಿಸಿದೆವು, ಅಷ್ಟಕ್ಕೇ ಆ ಸಾಲು ಪಾಸ್ ಆಯಿತು. ಸೇರಿಸುತ್ತಾ ಹೋಗುವುದಕ್ಕೂ ಮಿತಿ ಇದೆ. ಆ ಸಾಲನ್ನು ಓದುವಾಗ ಡಿಎನ್‌ಎಸ್‌ನಲ್ಲಿ 10ಕ್ಕಿಂತ ಹೆಚ್ಚು ಸಲ ಹುಡುಕಬೇಕಾಗಿ ಬಂದರೆ ಆಗಲೂ ಅದೇ ಪರ್ಮ್‌ಎರರ್. ಬಿಟ್ಟುಹೋದ ಹಳೇ ಸರ್ವಿಸ್‌ಗಳ ಇನ್‌ಕ್ಲೂಡ್ ತೆಗೆಯುತ್ತಾ ಬನ್ನಿ.

ಡಿಕಿಮ್ ಎಂಬುದು ಹಿಂದಿನವರು ಲಕೋಟೆಗೆ ಅರಗು ಹಾಕಿ ಒತ್ತುತ್ತಿದ್ದ ಮೊಹರಿನಂತೆ. ಕಳಿಸುವ ಸರ್ವರ್ ಒಂದು ಗುಟ್ಟಿನ ಕೀಲಿಯಿಂದ ಮೇಲ್‌ಗೆ ಸಹಿ ಹಾಕುತ್ತದೆ. ಅದರ ಜೋಡಿ ಕೀಲಿ ನಿಮ್ಮ ಡಿಎನ್‌ಎಸ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ದಾರಿಯಲ್ಲಿ ಯಾರಾದರೂ ಮೇಲ್ ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ. ಕೀಲಿಯನ್ನು ನೀವು ಮಾಡಬೇಕಿಲ್ಲ, ಮೇಲ್ ಸರ್ವಿಸ್‌ನವರು ಕೊಡುತ್ತಾರೆ, ನೀವು ಅಂಟಿಸಿದರೆ ಸಾಕು. ಅಂಟಿಸುವಲ್ಲಿ ಎರಡು ಎಡವಟ್ಟು ಪದೇ ಪದೇ ನೋಡಿದ್ದೇನೆ. ಒಂದು, ಡೊಮೈನ್ ಕಂಪನಿಯ ಪ್ಯಾನೆಲ್ ನೀವು ಬರೆದ ಹೆಸರಿನ ಕೊನೆಗೆ ಡೊಮೈನನ್ನು ತಾನಾಗಿಯೇ ಸೇರಿಸುತ್ತದೆ. ನೀವೂ ಪೂರ್ತಿ ಹೆಸರು ಬರೆದಿದ್ದರೆ ಡೊಮೈನ್ ಎರಡು ಸಲ ಬಂದು ರೆಕಾರ್ಡು ಯಾರಿಗೂ ಸಿಗದ ಜಾಗದಲ್ಲಿ ಕೂರುತ್ತದೆ. ಇನ್ನೊಂದು, 2048 ಬಿಟ್‌ನ ಕೀಲಿ ಉದ್ದವಿರುತ್ತದೆ. ಇಂಥ ಸಾಲು ಬರೆಯುವ ಟಿಎಕ್ಸ್‌ಟಿ ರೆಕಾರ್ಡಿನ ಒಂದು ತುಂಡಿನಲ್ಲಿ 255 ಅಕ್ಷರ ಮಾತ್ರ ಹಿಡಿಯುವುದರಿಂದ ಕೆಲವು ಪ್ಯಾನೆಲ್‌ಗಳಲ್ಲಿ ಅದನ್ನು ಎರಡು ತುಂಡು ಮಾಡಿ ಹಾಕಬೇಕು. ಕೊನೆ ಕತ್ತರಿಸಿಹೋದರೂ ಪ್ಯಾನೆಲ್ ‘ಸೇವ್ಡ್’ ಎಂದೇ ತೋರಿಸುತ್ತದೆ.

ಈಗ ಸೂಕ್ಷ್ಮ ವಿಷಯ. ಬಲ್ಕ್ ಮೇಲ್ ಸರ್ವಿಸ್ (ಒಂದೇ ಮೇಲನ್ನು ರಾಶಿ ಜನರಿಗೆ ಕಳಿಸಿಕೊಡುವ ಕಂಪನಿ) ಮೂಲಕ ಕಳಿಸಿದಾಗ ಎಸ್‌ಪಿಎಫ್ ಪಾಸ್ ಎಂದು ಬರುತ್ತದೆ, ಖುಷಿಯಾಗುತ್ತದೆ. ಪಾಸ್ ಆಗಿರುವುದು ಯಾರ ಡೊಮೈನ್ ಎಂದು ಪಕ್ಕದಲ್ಲೇ ಬರೆದಿರುತ್ತದೆ, ಓದಿ. ಎಷ್ಟೋ ಸಲ ಅದು ನಿಮ್ಮದಾಗಿರದೆ ಸರ್ವಿಸ್‌ನವರದಾಗಿರುತ್ತದೆ. ಎಸ್‌ಪಿಎಫ್ ನೋಡುವುದು ಬೌನ್ಸ್ ವಾಪಸ್ ಹೋಗುವ ವಿಳಾಸವನ್ನು, ಗಿರಾಕಿಗೆ ಕಾಣುವ ‘ಫ್ರಂ’ ಅನ್ನಲ್ಲ. ಈ ಎರಡರ ನಂಟನ್ನು ನೋಡುವುದೇ ಡಿಮಾರ್ಕ್. ಫ್ರಂನಲ್ಲಿರುವ ಡೊಮೈನು, ಎಸ್‌ಪಿಎಫ್ ಅಥವಾ ಡಿಕಿಮ್ ಎರಡರಲ್ಲಿ ಒಂದು ಪಾಸ್ ಮಾಡಿದ ಡೊಮೈನಿನೊಂದಿಗೆ ಹೊಂದಬೇಕು. ಹಾಗಾಗಿ ಸಣ್ಣ ವ್ಯಾಪಾರಿಗಳಿಗೆ ನನ್ನ ಸಲಹೆ: ಸರ್ವಿಸ್‌ನ ಸೆಟ್ಟಿಂಗ್‌ನಲ್ಲಿ ‘ಡೊಮೈನ್ ಅಥೆಂಟಿಕೇಶನ್’ ಎಂಬುದನ್ನು ಹುಡುಕಿ, ನಿಮ್ಮದೇ ಡೊಮೈನಿನ ಡಿಕಿಮ್ ಸಹಿ ಹಾಕಿಸಿ. ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಇದೇ ಕಾರಣಕ್ಕೆ ಅಂಗಡಿ ಹೆಸರಿನ ಜಿಮೇಲ್ ಅಥವಾ ಯಾಹೂ ವಿಳಾಸವನ್ನು ಫ್ರಂನಲ್ಲಿ ಹಾಕಿ ಬಲ್ಕ್ ಸರ್ವಿಸ್‌ನಿಂದ ಕಳಿಸಲೇಬೇಡಿ. ಜಿಮೇಲ್ ಡೊಮೈನ್ ನಿಮ್ಮದಲ್ಲ, ಅದರ ಸಹಿ ನಿಮ್ಮ ಕೈಲಿಲ್ಲ. ಯಾಹೂ 2014ರಲ್ಲೇ ತನ್ನ ವಿಳಾಸದ ಹೆಸರಲ್ಲಿ ಹೊರಗಿನಿಂದ ಬರುವುದನ್ನು ತಿರಸ್ಕರಿಸಿ ಎಂದು ಡಿಮಾರ್ಕ್‌ನಲ್ಲಿ ಬರೆದಿಟ್ಟಿತು. ಸ್ವಂತ ಡೊಮೈನ್‌ಗೆ ವರ್ಷಕ್ಕೆ ತಗಲುವ ಖರ್ಚು ಒಂದು ದಿನದ ಟೀ ಕಾಫಿ ಖರ್ಚಿನ ಆಸುಪಾಸು, ಅಂಗಡಿ ದೊಡ್ಡದಿದ್ದರೆ ಅಷ್ಟೂ ಇಲ್ಲ.

ಡಿಮಾರ್ಕ್‌ನಲ್ಲಿ ಮೂರು ಹಂತ: ‘ನನ್’ (none) ಅಂದರೆ ಸುಮ್ಮನೆ ನೋಡು, ‘ಕ್ವಾರಂಟೈನ್’ ಅಂದರೆ ಸ್ಪ್ಯಾಮ್‌ಗೆ ಹಾಕು, ‘ರಿಜೆಕ್ಟ್’ ಅಂದರೆ ಬಾಗಿಲಲ್ಲೇ ತಡೆ. ಶುರುವಿಗೆ ನನ್ ಇರಲಿ. ನಿಮ್ಮ ಹೆಸರಲ್ಲಿ ಯಾವ ಯಾವ ಸರ್ವರ್‌ನಿಂದ ಮೇಲ್ ಹೊರಟಿತು ಎಂಬ ವರದಿ ಬರುವುದಕ್ಕೆ ಬೇರೆಯೇ ಒಂದು ಮೇಲ್‌ಬಾಕ್ಸ್ ಕೊಡಿ, ಎಕ್ಸ್‌ಎಂಎಲ್ ಕಡತಗಳು ದಿನಾ ಬಂದು ತುಂಬುತ್ತವೆ. ಬರಿಗಣ್ಣಿಗೆ ಓದಲಾಗದು, ಓದಿ ಹೇಳುವ ಉಚಿತ ಸೈಟುಗಳಿವೆ. ಊದುಬತ್ತಿಯವರ ವರದಿಯಲ್ಲಿ ಯಾರಿಗೂ ನೆನಪಿಲ್ಲದ ಒಂದು ಸರ್ವರ್ ಸಿಕ್ಕಿತು. ಅಕೌಂಟ್ಸ್ ಸಾಫ್ಟ್‌ವೇರ್ ಇನ್ವಾಯ್ಸ್‌ಗಳನ್ನು ಅದರ ಮೂಲಕ ಕಳಿಸುತ್ತಿತ್ತು. ಮೊದಲ ದಿನವೇ ರಿಜೆಕ್ಟ್ ಹಾಕಿದ್ದರೆ ಬಿಲ್ಲುಗಳೆಲ್ಲ ನಿಂತು ದುಡ್ಡೂ ನಿಲ್ಲುತ್ತಿತ್ತು. ವರದಿಯಲ್ಲಿ ಕೆಲವು ವಾರ ಎಲ್ಲವೂ ನಿಮ್ಮದೇ ಎಂದು ಖಾತ್ರಿಯಾದ ಮೇಲೆ ಕ್ವಾರಂಟೈನ್‌ಗೆ ಏರಿಸಿ.

‘ನಮ್ಮದು ಐದು ಸಾವಿರ ಎಲ್ಲಿ ಬರುತ್ತೆ?’

ಗೂಗಲ್ ಮತ್ತು ಯಾಹೂ 2023ರ ಅಕ್ಟೋಬರಿನಲ್ಲಿ ಹೇಳಿ, 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮಗಳಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ ಸುಮಾರು 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ಮಾರ್ಕೆಟಿಂಗ್ ಮೇಲ್‌ನಲ್ಲಿ ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಅಂದರೆ ಪಟ್ಟಿಯಿಂದ ಹೊರಗೆ ಹೋಗುವಂತಿರಬೇಕು. ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು, 0.1ರ ಕೆಳಗಿದ್ದರೆ ಒಳ್ಳೆಯದು. ಮೈಕ್ರೋಸಾಫ್ಟ್ ಕೂಡ 2025ರ ಮೇ ತಿಂಗಳಿಂದ ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ಅದೇ 5,000ದ ಗೆರೆ ಎಳೆದು ಮೂರೂ ರೆಕಾರ್ಡು ಕೇಳುತ್ತಿದೆ.

ನಮ್ಮ ಕಡೆಯವರು ಈ ಅಂಕಿ ಕೇಳಿ ನಿರಾಳವಾಗುತ್ತಾರೆ. ನಿರಾಳವಾಗಬೇಡಿ. ಒಂದು, ಕಡಿಮೆ ಕಳಿಸುವವರಿಗೂ ಜಿಮೇಲ್ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಕೇಳುತ್ತದೆ. ಎರಡು, ಮುಖ್ಯ ಡೊಮೈನು ಮತ್ತು ಅದರ ಸಬ್‌ಡೊಮೈನುಗಳು (ಅದೇ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿ ಮಾಡಿದವು) ಎಲ್ಲ ಸೇರಿಸಿ ಲೆಕ್ಕ. ಮೂರು, ಒಂದೇ ಒಂದು ದಿನ ಆ ಗೆರೆ ದಾಟಿದರೂ ಗೂಗಲ್ ನಿಮ್ಮನ್ನು ಖಾಯಂ ಆಗಿ ಬಲ್ಕ್ ಕಳಿಸುವವರು ಎಂದೇ ಪರಿಗಣಿಸುತ್ತದೆ. ವರ್ಷವಿಡೀ ಸುಮ್ಮನಿದ್ದು ಹಬ್ಬಕ್ಕೆ ಒಂದು ಸಲ ಹಳೇ ಪಟ್ಟಿಯನ್ನೆಲ್ಲ ಒತ್ತಿದರೆ ಮುಗಿಯಿತು.

0.3 ಶೇಕಡಾ ಅಂದರೆ ಸಾವಿರಕ್ಕೆ ಮೂರು ಜನ. ಸಾವಿರ ಮೇಲ್ ಕಳಿಸಿದಾಗ ಮೂವರು ‘ರಿಪೋರ್ಟ್ ಸ್ಪ್ಯಾಮ್’ ಒತ್ತಿದರೆ ನೀವು ಗೆರೆಯ ಮೇಲೆ ನಿಂತಿರಿ. ಈ ಲೆಕ್ಕವನ್ನು ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಪುಕ್ಕಟೆ ನೋಡಬಹುದು. ಡೊಮೈನ್ ನಿಮ್ಮದೆಂದು ಒಂದು ರೆಕಾರ್ಡು ಹಾಕಿ ತೋರಿಸಿದರಾಯಿತು. ತೀರಾ ಕಡಿಮೆ ಕಳಿಸುವವರಿಗೆ ಅಲ್ಲಿ ಅಂಕಿ ಕಾಣುವುದಿಲ್ಲ, ಗಾಬರಿ ಬೇಡ. ಇನ್ನೊಂದು ಕಣ್ಕಟ್ಟು: ಆ ಶೇಕಡಾ ಲೆಕ್ಕ ಇನ್‌ಬಾಕ್ಸ್ ಮುಟ್ಟಿದ ಮೇಲ್‌ಗಳದು. ನಿಮ್ಮ ಮೇಲ್ ಬಹುಪಾಲು ಈಗಾಗಲೇ ಸ್ಪ್ಯಾಮ್‌ನಲ್ಲೇ ಬೀಳುತ್ತಿದ್ದರೆ ದೂರು ಕೊಡಲು ಅಲ್ಲಿ ಯಾರೂ ಇಲ್ಲ, ಗ್ರಾಫ್ ಸೊನ್ನೆಗೆ ಅಂಟಿಕೊಂಡು ಚೆನ್ನಾಗಿ ಕಾಣುತ್ತದೆ.

ಪಟ್ಟಿ

ಮೂರೂ ಪಾಸ್ ಆದಮೇಲೂ ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆಯೇ? ಹಾಗಾದರೆ ಪಟ್ಟಿ ತೆಗೆಯಿರಿ. ಪ್ರತಿ ವಿಳಾಸದ ಎದುರೂ ‘ಇದು ನಮಗೆ ಎಲ್ಲಿಂದ ಬಂತು?’ ಎಂದು ಒಂದು ಕಾಲಂ ಮಾಡಿ ತುಂಬಿಸಿ. ಇಷ್ಟು ಮಾಡಿಸುವುದಕ್ಕೆ ನನಗೆ ಯಜಮಾನರ ಜೊತೆ ಬೆಳಗಿನಿಂದ ಸಂಜೆಯವರೆಗೆ ಹಗ್ಗಜಗ್ಗಾಟವಾಗುತ್ತದೆ.

ಸೀರೆ ಅಂಗಡಿಯ ಪಟ್ಟಿ ಹೀಗಿತ್ತು. ಕೌಂಟರಿನಲ್ಲಿ ಕೊಂಡವರು ಕೊಟ್ಟ ವಿಳಾಸ, ಇದು ಬಂಗಾರ. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಿದಾಗ ಲಕ್ಕಿ ಡ್ರಾ ಪುಸ್ತಕದಲ್ಲಿ ಜನ ಬರೆದದ್ದು, ಇದು ಅರ್ಧ ಕಸ. ಗಡಿಬಿಡಿಯಲ್ಲಿ ನಿಂತುಕೊಂಡು ಬರೆದ ಅಕ್ಷರದಲ್ಲಿ ‘ಎ’ ಯಾವುದು, ‘ಒ’ ಯಾವುದು ತಿಳಿಯದು. ಜಿಮೇಲ್ ಅನ್ನುವುದನ್ನೇ ಅಕ್ಷರ ಹಿಂದುಮುಂದು ಮಾಡಿ ಬರೆದವರಿದ್ದರು. ಬಹುಮಾನಕ್ಕೆಂದು ಬರೆದವರು ಸೀರೆಯ ಮೇಲ್‌ಗೆಂದು ಬರೆದದ್ದಲ್ಲ. ಮೂರನೆಯದು, ಯಾರೋ ‘ಕರ್ನಾಟಕದ ಡಾಕ್ಟರುಗಳು, ಎಂಜಿನಿಯರುಗಳು’ ಎಂದು ಹೇಳಿ ಮಾರಿದ ಎಕ್ಸೆಲ್ ಕಡತ. ಅದು ಪೂರಾ ವಿಷ.

ಕೊಂಡ ಪಟ್ಟಿ ಯಾಕೆ ವಿಷ ಅಂದರೆ, ಅದರಲ್ಲಿ ಸ್ಪ್ಯಾಮ್ ಟ್ರ್ಯಾಪ್‌ಗಳಿರುತ್ತವೆ. ಯಾವ ಮನುಷ್ಯನೂ ಬಳಸದ, ಪಟ್ಟಿ ಕದ್ದವರನ್ನು ಹಿಡಿಯಲೆಂದೇ ಇಟ್ಟ ವಿಳಾಸಗಳವು. ಕೆಲವು ಹೊಸದಾಗಿ ಹುಟ್ಟಿಸಿದವು, ಕೆಲವು ಯಾರೋ ವರ್ಷಗಳ ಹಿಂದೆ ಬಿಟ್ಟುಹೋದ ಖಾತೆಗೆ ಮತ್ತೆ ಜೀವ ಕೊಟ್ಟವು, ಕೆಲವು ಅಕ್ಷರ ತಪ್ಪಿದ ಡೊಮೈನುಗಳು. ಲಕ್ಕಿ ಡ್ರಾ ಪುಸ್ತಕ ಅಪಾಯಕಾರಿ ಆಗುವುದು ಈ ಕೊನೆಯದರಿಂದ. ಟ್ರ್ಯಾಪ್‌ಗೆ ಬಿದ್ದರೆ ಸ್ಪ್ಯಾಮ್ ಕಳಿಸುವವರ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಯ ಕರಿಪಟ್ಟಿ ಸೇರಬಹುದು, ಆ ಕರಿಪಟ್ಟಿಯನ್ನು ಲೋಕದ ಎಷ್ಟೋ ಸರ್ವರ್‌ಗಳು ನೋಡುತ್ತವೆ.

ಬೆಲ್ಲದವರ ತೊಂದರೆ ಬೇರೆ ಥರ. ಅವರಿಗೆ ಆರ್ಡರ್ ಎಲ್ಲ ವಾಟ್ಸ್ಆ್ಯಪ್‌ನಲ್ಲಿ. ಮೇಲ್ ವಿಳಾಸ ಕೇಳುತ್ತಿದ್ದದ್ದು ಬಿಲ್ಲು ಕಳಿಸುವುದಕ್ಕೆ. ಅಚ್ಚು ಬೆಲ್ಲ ತರಿಸಿಕೊಂಡ ಬೆಂಗಳೂರಿನವರಿಗೆ ಅದೇ ವಿಳಾಸಕ್ಕೆ ವಾರ ವಾರ ಕೊಡುಗೆ ಕಳಿಸಲು ಶುರುಮಾಡಿದರು. ‘ಅಕ್ಕ, ಅವ್ರೇ ಕೊಟ್ಟವ್ರಲ್ಲ ಅಡ್ರೆಸ್ಸು, ಕಳ್ಸುದ್ರೇನು ತಪ್ಪು?’ ಎಂಬುದು ಅವರ ವಾದ. ಕೊಟ್ಟದ್ದು ಬಿಲ್ಲಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎನ್ನುತ್ತದೆ. ಡಿಎನ್‌ಡಿ ನೋಂದಣಿ ಫೋನು, ಎಸ್‌ಎಂಎಸ್‌ಗೆ ಮಾತ್ರ, ಮೇಲ್‌ಗೆ ಇಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿಗೆ ಇದು ಉತ್ತರ. ಪರಿಹಾರವೇನೂ ಕಷ್ಟವಿರಲಿಲ್ಲ. ಬಿಲ್ಲಿನ ಮೇಲ್‌ನ ಕೊನೆಗೆ ‘ಹೊಸ ಬೆಲ್ಲ ಇಳಿದಾಗ ತಿಳಿಸಬೇಕೆ? ಇಲ್ಲಿ ಒತ್ತಿ’ ಎಂದು ಒಂದು ಸಾಲು. ಒತ್ತಿದವರಿಗೆ ಖಚಿತಪಡಿಸುವ ಇನ್ನೊಂದು ಮೇಲ್, ಅದರಲ್ಲೂ ಒತ್ತಿದರೆ ಮಾತ್ರ ಪಟ್ಟಿಗೆ. ಈ ಎರಡು ಹಂತದ ಒಪ್ಪಿಗೆಯಿಂದ ಅಕ್ಷರ ತಪ್ಪಿದ ವಿಳಾಸಗಳೂ ತಾವಾಗಿಯೇ ಉದುರುತ್ತವೆ.

ಗೋಕುಲಂ ಹೋಂಸ್ಟೇಯ ಆಂಟಿಯದು ಎಲ್ಲಕ್ಕಿಂತ ಕಷ್ಟದ ಪ್ರಕರಣ, ಯಾಕೆಂದರೆ ಅವರ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರೂ ಅವರ ಮನೆಯಲ್ಲಿ ಇದ್ದು ಹೋದವರೇ. ಹೆಸರು ಕೇಳಿದರೆ ಯಾವ ರೂಮು, ಬೆಳಿಗ್ಗೆ ಕಾಫಿಯೋ ಕಷಾಯವೋ ಎಲ್ಲ ಹೇಳುತ್ತಾರೆ. ಆದರೆ ಕೋವಿಡ್‌ಗೆ ಮುಂಚೆ ಬಂದವರೇ ಹೆಚ್ಚು. ಕೆಲಸ ಬದಲಿಸಿದಾಗ ಆಫೀಸಿನ ವಿಳಾಸ ಸತ್ತಿತು, ಯೋಗ ಬಿಟ್ಟವರಿಗೆ ಮೈಸೂರು ಮರೆತುಹೋಯಿತು. ವರ್ಷಗಟ್ಟಲೆ ತೆರೆಯದವರಿಗೆ ಕಳಿಸುತ್ತಾ ಹೋದರೆ ಜಿಮೇಲ್ ‘ಇವರ ಮೇಲ್ ಯಾರಿಗೂ ಬೇಡ’ ಎಂದು ಕಲಿಯುತ್ತದೆ, ಆಮೇಲೆ ಬೇಕೆನ್ನುವವರಿಗೂ ಸ್ಪ್ಯಾಮ್‌ಗೇ ಹಾಕುತ್ತದೆ. ‘ಅಷ್ಟೂ ಮಕ್ಕಳನ್ನ ಬಿಟ್ಬಿಡೋದೇನಮ್ಮ?’ ಎಂದರು ಆಂಟಿ. ಬಿಡುವ ಮೊದಲು ಒಂದು ಮೇಲ್ ಬರೆದೆವು. ಆಫರ್ ಇಲ್ಲ, ಚಿತ್ರ ಇಲ್ಲ. ಅಂಗಳದ ಮಾವಿನ ಮರ ಈ ವರ್ಷ ಕಾಯಿ ಬಿಟ್ಟಿದೆ, ಕೆಳಗಿನ ರೂಮಿಗೆ ಹೊಸ ಗೀಸರ್ ಹಾಕಿಸಿದೆವು, ಸುದ್ದಿ ಬೇಕಿದ್ದರೆ ಇದಕ್ಕೆ ಉತ್ತರಿಸಿ, ಇಲ್ಲದಿದ್ದರೆ ಇನ್ನು ಕಳಿಸುವುದಿಲ್ಲ. ಒಂದೇ ದಿನ ಎಲ್ಲರಿಗೂ ಕಳಿಸದೆ ಸಣ್ಣ ಸಣ್ಣ ಗುಂಪಾಗಿ ಕಳಿಸಿದೆವು. ಉತ್ತರಿಸಿದವರು ಉಳಿದರು, ಉತ್ತರಿಸದವರನ್ನು ಬಿಟ್ಟೆವು. ಪಟ್ಟಿ ಬಹಳ ಚಿಕ್ಕದಾಯಿತು, ವಿಚಾರಣೆಗಳು ಮಾತ್ರ ಕಡಿಮೆಯಾಗಲಿಲ್ಲ.

ಯಾರು ತೆರೆದರು ಎಂಬ ‘ಓಪನ್ ರೇಟ್’ ಅಂಕಿಯನ್ನು ನಂಬಿ ಈ ಜರಡಿ ಹಿಡಿಯಬೇಡಿ. ಮೇಲ್‌ನೊಳಗಿನ ಚಿತ್ರ ಇಳಿದರೆ ತೆರೆದರು ಎಂದು ಅದರ ಲೆಕ್ಕ. 2021ರ ಸೆಪ್ಟೆಂಬರಿನಿಂದ ಆಪಲ್‌ನ ಮೇಲ್ ಆ್ಯಪ್ ಗುಟ್ಟು ಕಾಯುವುದಕ್ಕೆಂದು ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ, ಓದದಿದ್ದರೂ ಓದಿದಂತೆ ಲೆಕ್ಕವಾಗುತ್ತದೆ. ವಿದೇಶಿ ಗಿರಾಕಿಗಳಲ್ಲಿ ಐಫೋನ್ ಜಾಸ್ತಿ. ಕ್ಲಿಕ್ಕು, ಉತ್ತರ, ಆರ್ಡರು ಇವುಗಳನ್ನು ನೋಡಿ.

ಹೋಗುವವರಿಗೆ ಬಾಗಿಲು ತೆರೆದಿಡಿ

ಅನ್‌ಸಬ್‌ಸ್ಕ್ರೈಬ್ ಅನ್ನು ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಬಣ್ಣದಲ್ಲಿ ಬರೆಸುವ ಬುದ್ಧಿವಂತರಿದ್ದಾರೆ. ಕಣ್ಣಿಗೆ ಬೀಳದಿದ್ದರೆ ಗಿರಾಕಿ ಸುಮ್ಮನಾಗುವುದಿಲ್ಲ, ಮೇಲುಗಡೆ ದೊಡ್ಡದಾಗಿ ಕಾಣುವ ‘ರಿಪೋರ್ಟ್ ಸ್ಪ್ಯಾಮ್’ ಒತ್ತುತ್ತಾರೆ. ಅನ್‌ಸಬ್‌ಸ್ಕ್ರೈಬ್ ಆದವರಿಂದ ನಿಮ್ಮ ಹೆಸರಿಗೆ ಧಕ್ಕೆಯಿಲ್ಲ, ರಿಪೋರ್ಟ್ ಮಾಡಿದವರಿಂದ ಇದೆ. ಲಾಗಿನ್ ಕೇಳಬೇಡಿ, ‘ಯಾಕೆ ಬಿಡುತ್ತಿದ್ದೀರಿ’ ಎಂದು ಪ್ರಶ್ನಾವಳಿ ಇಡಬೇಡಿ. ಜಿಮೇಲ್‌ನವರು ಕಳಿಸುವವರ ಹೆಸರಿನ ಪಕ್ಕದಲ್ಲೇ ತೋರಿಸುವ ಗುಂಡಿ ಬರಬೇಕಾದರೆ ಮೇಲ್‌ನ ಹೆಡರಿನಲ್ಲಿ (ಓದುವವರಿಗೆ ಕಾಣದ ತಲೆಸಾಲುಗಳು) ‘ಲಿಸ್ಟ್ ಅನ್‌ಸಬ್‌ಸ್ಕ್ರೈಬ್’ ಸಾಲುಗಳಿರಬೇಕು. ಒಳ್ಳೆಯ ಸರ್ವಿಸ್‌ಗಳೆಲ್ಲ ಹಾಕುತ್ತವೆ, ಶೋ ಒರಿಜಿನಲ್‌ನಲ್ಲಿ ಹುಡುಕಿ ನೋಡಿ. ಒತ್ತಿದವರನ್ನು ಎರಡು ದಿನದೊಳಗೆ ತೆಗೆಯಬೇಕೆಂಬುದು ಗೂಗಲ್, ಯಾಹೂ ನಿಯಮ. ಅಮೆರಿಕದ ಗಿರಾಕಿಗಳಿದ್ದರೆ ಅಲ್ಲಿನ 2003ರ ಕ್ಯಾನ್ ಸ್ಪ್ಯಾಮ್ ಕಾಯ್ದೆಯಂತೆ ಮೇಲ್‌ನಲ್ಲಿ ನಿಮ್ಮ ಅಂಚೆ ವಿಳಾಸವೂ ಇರಬೇಕು.

ಮೇಲ್‌ನ ಒಳಗೆ

ಇಲ್ಲಿ ಹೇಳುವುದು ಕಡಿಮೆ. ವಾಟ್ಸ್ಆ್ಯಪ್‌ಗೆ ಮಾಡಿಸಿದ ಹಬ್ಬದ ಪೋಸ್ಟರನ್ನು ಹಾಗೇ ಒಂದೇ ಚಿತ್ರವಾಗಿ ಅಂಟಿಸಿ ಕಳಿಸಬೇಡಿ. ಚಿತ್ರವೊಂದೇ ಇದ್ದು ಅಕ್ಷರವಿಲ್ಲದ ಮೇಲ್ ನೋಡಿದರೆ ಫಿಲ್ಟರುಗಳಿಗೆ ಅನುಮಾನ, ಚಿತ್ರ ತೆರೆಯದ ಗಿರಾಕಿಗೆ ಖಾಲಿ ಹಾಳೆ. ಬೆಲೆ, ದಿನಾಂಕ, ಅಂಗಡಿಯ ವಿಳಾಸ ಅಕ್ಷರದಲ್ಲೇ ಇರಲಿ. ಉದ್ದ ಕೊಂಡಿಯನ್ನು ಗಿಡ್ಡ ಮಾಡುವ ಸೈಟುಗಳನ್ನು ಬಳಸಬೇಡಿ, ಮೋಸದವರೂ ಅದನ್ನೇ ಬಳಸುತ್ತಾರೆ. ನಿಮ್ಮ ಡೊಮೈನಿನ ಪೂರ್ತಿ ಕೊಂಡಿ ಕೊಡಿ.

ಕನ್ನಡದಲ್ಲಿ ಬರೆದರೆ ಸ್ಪ್ಯಾಮ್‌ಗೆ ಹೋಗುತ್ತದೆ ಎಂಬುದು ಸುಳ್ಳು. ಆದರೆ ಡಿಟಿಪಿಯವರು ಹಳೇ ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ ಮಾಡಿಕೊಟ್ಟದ್ದನ್ನು ನಕಲು ಮಾಡಿ ಅಂಟಿಸಿದರೆ ಗಿರಾಕಿಯ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಅದನ್ನು ನೋಡಿದವರು ವೈರಸ್ ಎಂದೇ ತಿಳಿಯುತ್ತಾರೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇನ್ನೊಂದು ವಿಷಯ: ಮೇಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದ ಭಾಗವನ್ನು ಮಡಚಿಡುತ್ತದೆ, ಕೊನೆಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಅದರೊಳಗೆ ಸೇರಿಬಿಡುತ್ತದೆ. ಯೂನಿಕೋಡ್ ಅಕ್ಷರಗಳನ್ನು ಕಳಿಸುವ ಯುಟಿಎಫ್ 8 ರೂಪದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು, ಒತ್ತಕ್ಷರಗಳಿಗೆ ಇನ್ನೂ ಹೆಚ್ಚು. ಕನ್ನಡ ಮೇಲ್ ಬೇಗ ತೂಕ ಏರುತ್ತದೆ, ಗಿಡ್ಡಕ್ಕೆ ಬರೆಯಿರಿ.

ಹಬ್ಬದ ರಶ್ಶಿಗೆ ಮುಂಚೆ

ಆಫೀಸಿನ ಜಿಮೇಲ್‌ನಿಂದ ಬಿಸಿಸಿಯಲ್ಲಿ ನೂರಾರು ಹೆಸರು ತುಂಬಿ ಕಳಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಉಚಿತ ಜಿಮೇಲ್‌ಗೆ ದಿನಕ್ಕೆ 500ರ ಮಿತಿ, ವರ್ಕ್‌ಸ್ಪೇಸ್‌ಗೆ 2,000. ಮಿತಿ ತಗಲಿದರೆ ಆ ದಿನ ಕೊಟೇಶನ್ ಕೂಡ ಹೊರಡುವುದಿಲ್ಲ. ಕೊಡುಗೆಗಳ ಮೇಲ್‌ಗೆ ಮುಖ್ಯ ಡೊಮೈನಿನ ಕೆಳಗೆ ಒಂದು ಸಬ್‌ಡೊಮೈನ್ ಮಾಡಿಕೊಳ್ಳಿ. ಅದು ಕೆಟ್ಟರೂ ಬಿಲ್ಲು, ಬ್ಯಾಂಕಿನ ವ್ಯವಹಾರದ ಮೇಲ್‌ಗೆ ಪೆಟ್ಟು ಕಡಿಮೆ.

ಹೊಸ ಸಬ್‌ಡೊಮೈನಿನಿಂದ ಒಮ್ಮೆಲೇ ಎಲ್ಲರಿಗೂ ಕಳಿಸುವಂತಿಲ್ಲ. ಸೀರೆ ಅಂಗಡಿಗೆ ನಾನು ಹಾಕಿಕೊಟ್ಟ ಲೆಕ್ಕ ಪಂಚಾಂಗದ್ದೇ. ವರಮಹಾಲಕ್ಷ್ಮಿ ಹಬ್ಬಕ್ಕೆ ಈಚೆಗೆ ಕೊಂಡವರಿಗೆ ಮಾತ್ರ. ಅವರು ತೆರೆಯುತ್ತಾರೆ, ಡೊಮೈನಿಗೆ ಒಳ್ಳೆ ಹೆಸರು ಬರುತ್ತದೆ. ಗೌರಿ ಗಣೇಶಕ್ಕೆ ಅದರ ಎರಡರಷ್ಟು. ಪಿತೃಪಕ್ಷದಲ್ಲಿ ಹೊಸ ಬಟ್ಟೆ ಕೊಳ್ಳುವವರೇ ಇಲ್ಲ, ಆ ಹದಿನೈದು ದಿನ ಆಫರ್ ಕಳಿಸಿದರೆ ಯಾರೂ ಒತ್ತದೆ ಇದ್ದ ಹೆಸರೂ ಇಳಿಯುತ್ತದೆ. ಹಾಗೆಂದು ಪೂರ್ತಿ ಸುಮ್ಮನಾಗದೆ ರೇಷ್ಮೆ ಸೀರೆ ಒಗೆಯುವುದು, ಮಡಚಿಡುವುದು ಹೇಗೆ ಎಂಬಂಥ ಒಂದು ಮೇಲ್. ನವರಾತ್ರಿ ಶುರುವಾಗುವ ಹೊತ್ತಿಗೆ ಪೂರ್ತಿ ಪಟ್ಟಿ. ಆಯುಧಪೂಜೆಯ ದಿನ ಮಾತ್ರ ಬೇಡ, ಅವತ್ತು ಉತ್ತರ ಬಂದರೆ ನೋಡಲು ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಉತ್ತರ ಅಂದೆ, ‘ನೋ ರಿಪ್ಲೈ’ ವಿಳಾಸದಿಂದ ಕಳಿಸುವುದನ್ನೂ ಬಿಡಿ. ಗಿರಾಕಿಯ ಒಂದು ಉತ್ತರಕ್ಕಿಂತ ಒಳ್ಳೆಯ ಸಾಕ್ಷಿ ಜಿಮೇಲ್‌ಗೆ ಇನ್ನೊಂದಿಲ್ಲ.

ಈಗಾಗಲೇ ಕೆಟ್ಟಿದ್ದರೆ

ಮೊದಲು ಕಳಿಸುವುದನ್ನು ನಿಲ್ಲಿಸಿ. ಸ್ಪ್ಯಾಮ್‌ಗೆ ಹೋಗುತ್ತಿದೆ ಎಂದು ಇನ್ನಷ್ಟು ಕಳಿಸುವವರನ್ನು ನೋಡಿದ್ದೇನೆ, ‘ಎರಡ್ ಸಲ ಹೋದ್ರೆ ಒಂದಾದ್ರೂ ಸಿಗುತ್ತೆ’ ಎಂಬ ನಂಬಿಕೆ. ರೆಕಾರ್ಡು ಸರಿ ಮಾಡಿ, ಪಟ್ಟಿ ಜರಡಿ ಹಿಡಿಯಿರಿ, ಆಮೇಲೆ ಈಚೆಗೆ ಕೊಂಡವರಿಂದ ಮತ್ತೆ ಶುರುಮಾಡಿ. ಕರಿಪಟ್ಟಿಯಲ್ಲಿದ್ದೀರಾ ಎಂದು ಸ್ಪ್ಯಾಮ್‌ಹೌಸ್‌ನ ಸೈಟಿನಲ್ಲೇ ಡೊಮೈನು, ಐಪಿ (ಕಳಿಸುವ ಸರ್ವರ್‌ನ ಅಂಕಿ ವಿಳಾಸ) ಎರಡನ್ನೂ ಹಾಕಿ ನೋಡಬಹುದು. ಐಪಿ ಬಲ್ಕ್ ಸರ್ವಿಸ್‌ನವರದಾಗಿದ್ದರೆ ಅವರಿಗೆ ಬರೆಯಿರಿ, ಅದೇ ಐಪಿಯಲ್ಲಿ ನಿಮ್ಮ ಜೊತೆ ಬೇರೆಯವರೂ ಇರುತ್ತಾರೆ. ಹೆಸರು ತೆಗೆಸಿಕೊಡುತ್ತೇವೆ, ಇನ್‌ಬಾಕ್ಸ್ ಗ್ಯಾರಂಟಿ ಎಂದು ದುಡ್ಡು ಕೇಳುವವರಿಗೆ ಕೈಮುಗಿಯಿರಿ, ಅಂಥ ಗ್ಯಾರಂಟಿ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಹೊಸ ಡೊಮೈನ್ ಕೊಂಡು ಅದೇ ಪಟ್ಟಿಗೆ ಕಳಿಸೋಣ ಎಂಬ ಉಪಾಯವೂ ಬೇಡ. ಹೊಸ ಡೊಮೈನಿಗೆ ಹೆಸರೇ ಇರುವುದಿಲ್ಲ, ಅನುಮಾನ ಹೆಚ್ಚು. ಮೇಲಾಗಿ ಪಟ್ಟಿ ಅದೇ ಆದ್ದರಿಂದ ದೂರುಗಳೂ ಅವೇ ಬರುತ್ತವೆ. ಹಳೆಯ ಡೊಮೈನೇ ಇಟ್ಟುಕೊಂಡು ವಾರಕ್ಕೊಮ್ಮೆ ಪೋಸ್ಟ್‌ಮಾಸ್ಟರ್ ಟೂಲ್ಸ್ ನೋಡುತ್ತಾ, ದೂರು ಇಳಿದಂತೆ ಗುಂಪನ್ನು ದೊಡ್ಡದು ಮಾಡುತ್ತಾ ಹೋಗಿ. ಔಟ್‌ಲುಕ್‌ನವರು ಮಾತ್ರ ಬಿಡುತ್ತಿಲ್ಲ ಎಂದಾದರೆ ಮೈಕ್ರೋಸಾಫ್ಟ್‌ನ ಸೆಂಡರ್ ಸಪೋರ್ಟ್ ಫಾರ್ಮ್ ತುಂಬಬಹುದು. ಬೌನ್ಸ್‌ನಲ್ಲಿ ಬಂದ ಸಂದೇಶವನ್ನು ಒಂದಕ್ಷರ ಬಿಡದೆ ಅದರಲ್ಲಿ ಅಂಟಿಸಿ.